ಬಳಸದ ಡ್ರೈವರುಗಳೂ ಕರ್ನೆಲ್ಲಿನ ಮೆಮೊರಿಯೂ: ಒಂದು ಸಣ್ಣ ಇತಿಹಾಸ



ಕೇರಳದ ಸರಕಾರಿ ಶಾಲೆಗಳಲ್ಲಿ 2000ರ ದಶಕದ ಮಧ್ಯಭಾಗದಿಂದ ಐಟಿ ಪಾಠವೆಂದರೆ ಲಿನಕ್ಸ್ ಪಾಠವೇ. ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಮುಕ್ತ ತಂತ್ರಾಂಶ ರಾಜ್ಯದ ಶಾಲೆಗಳಿಗೆ ಬಂದಾಗ ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಶಾಲೆಗಳಿಗೂ ಅದು ಬಂತು. 2017ರಲ್ಲಿ ಆ ಯೋಜನೆ 'ಕೈಟ್' ಎಂಬ ಹೆಸರಿನ ಸಂಸ್ಥೆಯಾಯಿತು, ಲಿನಕ್ಸ್ ಮಾತ್ರ ಹಾಗೆಯೇ ಮುಂದುವರಿಯಿತು. ಹೊಸ ಕಂಪ್ಯೂಟರುಗಳ ಪಕ್ಕದಲ್ಲೇ ಹಳೆಯವನ್ನೂ ದುಡಿಸಿಕೊಳ್ಳುವುದು ಶಾಲೆಗಳಿಗೆ ಅನಿವಾರ್ಯ. ಹಾಗಾಗಿ ಲ್ಯಾಬ್ ನೋಡಿಕೊಳ್ಳುವ ಅಧ್ಯಾಪಕರ ನಡುವೆ ಒಂದು ಪ್ರಶ್ನೆ ಆಗಾಗ ಏಳುತ್ತದೆ: "ಕರ್ನೆಲ್ಲಿನಲ್ಲಿ ಇಷ್ಟೊಂದು ಡ್ರೈವರುಗಳು ಸುಮ್ಮನೆ ಕೂತಿವೆಯಲ್ಲ, ಬೇಡವಾದ್ದನ್ನು ತೆಗೆದುಹಾಕಿದರೆ ಮೆಮೊರಿ ಉಳಿಯುವುದಿಲ್ಲವೇ?"

ಪ್ರಶ್ನೆ ನ್ಯಾಯವಾದದ್ದೇ. ಇದೇ ಪ್ರಶ್ನೆಯನ್ನು ಲಿನಕ್ಸ್ ಕಟ್ಟಿದವರೂ ಹತ್ತಾರು ವರ್ಷ ಕೇಳಿಕೊಂಡಿದ್ದಾರೆ, ಉತ್ತರವನ್ನು ಎರಡು ಮೂರು ಸಲ ಬದಲಾಯಿಸಿದ್ದಾರೆ. ಆ ಕಥೆಯನ್ನು ತಿಳಿದುಕೊಂಡರೆ ನಮ್ಮ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ.

ಡ್ರೈವರ್ ಎಂಬ ದುಭಾಷಿ

ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಮೆಮೊರಿ ಹಂಚುವುದು, ಯಾವ ಪ್ರೋಗ್ರಾಮಿಗೆ ಯಾವಾಗ ಸರದಿ ಎಂದು ನಿರ್ಧರಿಸುವುದು, ಡಿಸ್ಕಿನಲ್ಲಿ ಓದಿ ಬರೆಯುವುದು ಎಲ್ಲ ಅದರ ಕೆಲಸ. ಆದರೆ ಒಂದೊಂದು ಕಂಪೆನಿಯ ಪ್ರಿಂಟರು, ಸೌಂಡ್ ಕಾರ್ಡು, ನೆಟ್‌ವರ್ಕ್ ಕಾರ್ಡು ಒಂದೊಂದು ಭಾಷೆ ಆಡುತ್ತವೆ. ಅವುಗಳ ಮಾತನ್ನು ಕರ್ನೆಲ್ಲಿಗೆ, ಕರ್ನೆಲ್ಲಿನ ಮಾತನ್ನು ಅವುಗಳಿಗೆ ತಿಳಿಸುವ ದುಭಾಷಿಯೇ ಡ್ರೈವರ್. ಗಡಿನಾಡಿನವರಾದ ನಮಗೆ ದುಭಾಷಿಯ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ನಾವು ಬಳಸುವ ಸಾಮಾನ್ಯ ಪ್ರೋಗ್ರಾಮುಗಳು ಸ್ವಲ್ಪ ಹೊತ್ತು ಸುಮ್ಮನಿದ್ದರೆ, ಮೆಮೊರಿ ಸಾಲದೆ ಬಂದಾಗ ಲಿನಕ್ಸ್ ಅವುಗಳ ಭಾಗಗಳನ್ನು ಹಾರ್ಡ್ ಡಿಸ್ಕಿನ 'ಸ್ವಾಪ್' ಜಾಗಕ್ಕೆ ಕಳುಹಿಸುತ್ತದೆ. ಕರ್ನೆಲ್ಲಿನ ಒಳಗಿರುವುದನ್ನು ಹಾಗೆ ಕಳುಹಿಸುವುದಿಲ್ಲ. ಲಿನಕ್ಸಿನಲ್ಲಿ ಕರ್ನೆಲ್ಲೂ ಅದರೊಳಗಿನ ಡ್ರೈವರುಗಳೂ ಸದಾ ರ್‍ಯಾಮಿನಲ್ಲೇ ಇರಬೇಕು. ಹಾಗಾಗಿ ಬಳಸದ ಡ್ರೈವರು ಒಮ್ಮೆ ಕೂತರೆ ಆ ಕುರ್ಚಿ ಅದರದ್ದೇ. ಮೆಮೊರಿ ದುಬಾರಿಯಾಗಿದ್ದ ಕಾಲದಲ್ಲಿ ಇದು ಸಣ್ಣ ವಿಷಯವಾಗಿರಲಿಲ್ಲ.

640 ಕೆಬಿಯ ಕಾಲ

ಯುನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರಿಂದ ಹುಟ್ಟಿತು. ಆಗಿನ ಯುನಿಕ್ಸಿನಲ್ಲಿ ಡ್ರೈವರುಗಳನ್ನು ಕರ್ನೆಲ್ಲಿನ ಜೊತೆಗೇ ಸೇರಿಸಿ ಹೆಣೆಯುತ್ತಿದ್ದರು. ಹೊಸ ಸಾಧನ ಬಂದರೆ ಕರ್ನೆಲ್ಲನ್ನೇ ಹೊಸದಾಗಿ ತಯಾರಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಬೇಕು. ಬೇಡದ ಡ್ರೈವರು ಬಿಡುವುದಕ್ಕೂ ಅದೇ ದಾರಿ. ಪ್ರತಿ ಯಂತ್ರಕ್ಕೂ ಅಳತೆ ತೆಗೆದು ಹೊಲಿಸಿದ ಅಂಗಿಯಂತೆ ಪ್ರತ್ಯೇಕ ಕರ್ನೆಲ್. ಯಂತ್ರಗಳು ಕೆಲವೇ ಇದ್ದಾಗ, ಅವನ್ನು ಬಲ್ಲವರು ಪಕ್ಕದಲ್ಲೇ ಇದ್ದಾಗ ಇದು ನಡೆಯಿತು.

ಮನೆಮನೆಗೆ ಕಂಪ್ಯೂಟರು ಬಂದಾಗ ನಡೆಯಲಿಲ್ಲ. 1981ರಲ್ಲಿ ಬಂದ ಐಬಿಎಂ ಪಿಸಿಯ ಪ್ರೊಸೆಸರು ಒಟ್ಟು 1 ಎಂಬಿ ಮೆಮೊರಿಯನ್ನು ಮಾತ್ರ ಗುರುತಿಸಬಲ್ಲುದಾಗಿತ್ತು. ಅದರಲ್ಲೂ ಪ್ರೋಗ್ರಾಮುಗಳಿಗೆಂದು ಬಿಟ್ಟದ್ದು 640 ಕೆಬಿ. 1983ರ ಡಾಸ್ 2.0ರಲ್ಲಿ ಕಾನ್ಫಿಗ್ ಡಾಟ್ ಸಿಸ್ ಎಂಬ ಕಡತದಲ್ಲಿ ಒಂದು ಸಾಲು ಬರೆದು ಹೊಸ ಡ್ರೈವರನ್ನು ಸೇರಿಸುವ ಸೌಲಭ್ಯ ಬಂತು. ಸೇರಿಸುವುದು ಸುಲಭವಾಯಿತು. ಆದರೆ ಹಾಗೆ ಸೇರಿಸಿದ್ದನ್ನು ತೆಗೆಯಬೇಕಾದರೆ ಸಾಲನ್ನು ಅಳಿಸಿ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡುವುದೊಂದೇ ಡಾಸ್ ಕೊಟ್ಟ ಉಪಾಯ.

ಮೌಸಿನ ಡ್ರೈವರು, ಸಿಡಿಯ ಡ್ರೈವರು, ನೆಟ್‌ವರ್ಕಿನ ಡ್ರೈವರು ಎಂದು ಒಂದೊಂದಾಗಿ ಕೂತ ಮೇಲೆ ಉಳಿದ ಜಾಗದಲ್ಲಿ ದೊಡ್ಡ ಪ್ರೋಗ್ರಾಮು ಹಿಡಿಸುತ್ತಿರಲಿಲ್ಲ. 1991ರ ಡಾಸ್ 5.0ರಲ್ಲಿ ಡ್ರೈವರುಗಳನ್ನು 640 ಕೆಬಿಯ ಮೇಲಿನ ಖಾಲಿ ಸಂದುಗಳಿಗೆ ಏರಿಸುವ ವ್ಯವಸ್ಥೆ ಬಂತು. 1993ರ ಡಾಸ್ 6.0ರಲ್ಲಿ ಕಂಪ್ಯೂಟರು ಚಾಲೂ ಆಗುವಾಗಲೇ "ಇವತ್ತು ಯಾವ ಡ್ರೈವರುಗಳು ಬೇಕು" ಎಂದು ಆರಿಸುವ ಪಟ್ಟಿ ಬಂತು. ಇವೆಲ್ಲ ಜಾಗ ಹೊಂದಿಸುವ ಉಪಾಯಗಳು. ಕೂತವರನ್ನು ಎಬ್ಬಿಸುವ ಉಪಾಯ ಅಲ್ಲ.

ಲಿನಕ್ಸಿಗೆ ಮಾಡ್ಯೂಲು ಬಂದದ್ದು

1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಾನು ಒಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿರುವುದಾಗಿ ಪ್ರಕಟಿಸಿದ. ಅದು ಹಳೆಯ ಯುನಿಕ್ಸಿನ ಹಾಗೆ ಎಲ್ಲವೂ ಒಂದೇ ಮುದ್ದೆಯಾಗಿದ್ದ ಕರ್ನೆಲ್. 1992ರ ಜನವರಿಯಲ್ಲಿ ಮಿನಿಕ್ಸ್ ಬರೆದ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್ ಇದು ಹಿಂದಕ್ಕೆ ಹಾಕಿದ ಹೆಜ್ಜೆ ಎಂದು ಟೀಕಿಸಿದರು. ಕರ್ನೆಲ್ ಚಿಕ್ಕದಾಗಿರಬೇಕು, ಉಳಿದ ಕೆಲಸಗಳು ಅದರ ಹೊರಗೆ ಬೇರೆ ಬೇರೆ ಪ್ರೋಗ್ರಾಮುಗಳಾಗಿ ನಡೆಯಬೇಕು ಎಂಬುದು ಅವರ ವಾದ. ಲೀನಸ್ ಒಪ್ಪಲಿಲ್ಲ. ಆ ವಾಗ್ವಾದ ಇಂದಿಗೂ ಪ್ರಸಿದ್ಧ.

ಲೀನಸ್ ಮುದ್ದೆಯನ್ನು ಬಿಡಲಿಲ್ಲವಾದರೂ ಮುದ್ದೆ ದಪ್ಪವಾಗುತ್ತಾ ಹೋಯಿತು. ಪ್ರಪಂಚದ ಬೇರೆ ಬೇರೆ ಕಡೆಯವರು ತಮ್ಮ ಕಾರ್ಡುಗಳಿಗೆ ಡ್ರೈವರು ಬರೆದು ಕಳುಹಿಸುತ್ತಿದ್ದರು. 4 ಎಂಬಿ, 8 ಎಂಬಿ ರ್‍ಯಾಮಿನ ಯಂತ್ರಗಳ ಕಾಲ ಅದು. ಎಲ್ಲ ಡ್ರೈವರು ಸೇರಿಸಿದರೆ ಜಾಗ ಸಾಲದು, ಸೇರಿಸದಿದ್ದರೆ ಯಾರದಾದರೂ ಕಾರ್ಡು ನಡೆಯದು. ಪ್ರತಿಯೊಬ್ಬನೂ ತನ್ನ ಕರ್ನೆಲ್ಲನ್ನು ತಾನೇ ತಯಾರಿಸಿಕೊಳ್ಳಬೇಕು.

ಇದಕ್ಕೆ ಸಿಕ್ಕಿದ ಪರಿಹಾರವೇ ಮಾಡ್ಯೂಲು. ಡ್ರೈವರನ್ನು ಬೇರೆ ಕಡತವಾಗಿ ಡಿಸ್ಕಿನಲ್ಲಿಟ್ಟು, ಬೇಕಾದಾಗ ಓಡುತ್ತಿರುವ ಕರ್ನೆಲ್ಲಿಗೆ ಸೇರಿಸುವುದು, ಬೇಡವಾದಾಗ ತೆಗೆಯುವುದು. ಸನ್ ಕಂಪೆನಿಯ ಯುನಿಕ್ಸಿನಲ್ಲೂ ಇಂಥ ವ್ಯವಸ್ಥೆ ಇತ್ತು. ಲಿನಕ್ಸಿನಲ್ಲಿ ಈ ಕೆಲಸ ಯಾರು ಮೊದಲು ಮಾಡಿದರು ಎಂದು ನೋಡಹೊರಟರೆ ಒಂದು ಸ್ವಾರಸ್ಯವಿದೆ. ಹಳೆಯ ಕರ್ನೆಲ್ಲಿನ ಮಾಡ್ಯೂಲ್ ಕಡತದ ತಲೆಯಲ್ಲಿ ಮೂಲ ಕರ್ತೃವಿನ ಜಾಗದಲ್ಲಿ 'ಅನಾಮಿಕ' ಎಂದಿದೆ. ಆಮೇಲೆ ಬಾಸ್ ಲಾರ್‌ಹೋವನ್, ಜಾನ್ ಟೂಮ್ಸ್, ಬ್ಯೋರ್ನ್ ಎಕ್ವಾಲ್ ಎಂಬ ಹೆಸರುಗಳು ಬರುತ್ತವೆ. ಶಾಸನ ಬರೆಸಿದವನ ಹೆಸರು ಅಳಿಸಿಹೋಗಿ ಕೆತ್ತಿದ ಅಕ್ಷರ ಉಳಿದ ಹಾಗೆ! 1995ರ ಮಾರ್ಚಿನಲ್ಲಿ ಬಂದ ಲಿನಕ್ಸ್ 1.2ರಲ್ಲಿ ಮಾಡ್ಯೂಲುಗಳು ಬಳಕೆಗೆ ಸಿಕ್ಕಿದವು. ಆಮೇಲೆ ಕರ್ನೆಲ್ ತಯಾರಿಸುವಾಗ ಹಲವು ಡ್ರೈವರುಗಳ ಬಗ್ಗೆ ಮೂರು ಉತ್ತರ ಕೊಡಬಹುದಾಯಿತು: ಬೇಕು, ಬೇಡ, ಮಾಡ್ಯೂಲಾಗಿ ಇರಲಿ.

ಒಂದು ಮಾತು ನೆನಪಿಡಬೇಕು. ಇದು ಟಾನೆನ್‌ಬಾಮ್ ಹೇಳಿದ ವ್ಯವಸ್ಥೆ ಅಲ್ಲ. ಮಾಡ್ಯೂಲು ಹೊರಗಿನಿಂದ ಬಂದರೂ ಒಳಗೆ ಸೇರಿದ ಮೇಲೆ ಅದು ಕರ್ನೆಲ್ಲಿನದೇ ಅಂಗ. ಅದು ತಪ್ಪಿದರೆ ಕರ್ನೆಲ್ಲೇ ತಪ್ಪಿದಂತೆ. ಮುಂದಿನ ತೊಡಕಿಗೆಲ್ಲ ಇದೇ ಮೂಲ.

ಅರುವತ್ತು ಸೆಕೆಂಡಿನ ಕಾವಲುಗಾರ

1996ರ ಜೂನಿನಲ್ಲಿ ಲಿನಕ್ಸ್ 2.0 ಬಂತು. ಅದರ ಜೊತೆ 'ಕರ್ನೆಲ್ ಡಿ' ಎಂಬ ಒಂದು ಸಣ್ಣ ಪ್ರೋಗ್ರಾಮು ಕೆಲಸ ಮಾಡುತ್ತಿತ್ತು. ಕರ್ನೆಲ್ಲಿಗೆ ಒಂದು ಡ್ರೈವರು ಬೇಕೆನಿಸಿದರೆ ಇದಕ್ಕೆ ಸಂದೇಶ ಹೋಗುತ್ತದೆ, ಇದು ಡಿಸ್ಕಿನಿಂದ ಹುಡುಕಿ ತಂದು ಸೇರಿಸುತ್ತದೆ. ಅಷ್ಟೇ ಅಲ್ಲ, ಹೀಗೆ ತಂದ ಮಾಡ್ಯೂಲನ್ನು 60 ಸೆಕೆಂಡು ಯಾರೂ ಬಳಸದಿದ್ದರೆ ತೆಗೆದುಹಾಕುತ್ತದೆ. ನಮ್ಮ ಅಧ್ಯಾಪಕ ಮಿತ್ರರು ಬಯಸುವ ವ್ಯವಸ್ಥೆ ಇದೇ ತಾನೆ? ಅದು 1996ರಲ್ಲೇ ಇತ್ತು!

ಉಪಯೋಗ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿ ನೋಡೋಣ. ತಲಾ 30 ಕೆಬಿಯ ಹತ್ತು ಡ್ರೈವರು ಸುಮ್ಮನೆ ಕೂತಿವೆ ಎಂದಿಟ್ಟುಕೊಳ್ಳಿ, ಒಟ್ಟು 300 ಕೆಬಿ. 4 ಎಂಬಿ ಯಂತ್ರದಲ್ಲಿ ಅದು ಶೇಕಡ 7ಕ್ಕೂ ಹೆಚ್ಚು. ಜೊತೆಗೆ ಮೆಮೊರಿಯನ್ನು 4 ಕೆಬಿಯ 'ಪುಟ'ಗಳಾಗಿ ಹಂಚುವುದರಿಂದ 5 ಕೆಬಿಯ ಮಾಡ್ಯೂಲು 8 ಕೆಬಿಯನ್ನು ಹಿಡಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದ ಕಾಲದಲ್ಲಿ ಕರ್ನೆಲ್ ಡಿ ಒಳ್ಳೆಯ ಕಾವಲುಗಾರನೇ ಆಗಿತ್ತು.

ಆದರೆ ದೂರುಗಳೂ ಬಂದವು. ಹಾಡು ಮುಗಿದು ಒಂದು ನಿಮಿಷ ಕಳೆಯಿತು ಎಂದರೆ ಸೌಂಡ್ ಕಾರ್ಡಿನ ಡ್ರೈವರು ಹೊರಗೆ. ಮತ್ತೆ ಹಾಡು ಹಾಕಿದಾಗ ಅದು ಹೊಸದಾಗಿ ಬರುತ್ತದೆ, ಬಳಕೆದಾರ ಹೊಂದಿಸಿಟ್ಟ ಧ್ವನಿಯ ಮಟ್ಟ ಅದಕ್ಕೆ ನೆನಪೇ ಇಲ್ಲ! ಡ್ರೈವರು ಹೋದಾಗ ಅದರ ಮೆಮೊರಿಯಲ್ಲಿದ್ದ ತಿಳಿವಳಿಕೆಯೂ ಹೋಗುತ್ತದೆ. ಕಾಲಿ ಕೂತಂತೆ ಕಾಣುವುದೆಲ್ಲ ನಿರುಪಯೋಗಿ ಅಲ್ಲ ಎಂಬ ಮೊದಲ ಪಾಠ ಇದು.

1999ರ ಜನವರಿಯಲ್ಲಿ ಬಂದ ಲಿನಕ್ಸ್ 2.2ರಲ್ಲಿ ಕರ್ನೆಲ್ ಡಿಗೆ ವಿದಾಯ ಹೇಳಿದರು. ಅದರ ಬದಲು 'ಕೆಮಾಡ್' ಎಂಬ ಸರಳ ವ್ಯವಸ್ಥೆ ಕರ್ನೆಲ್ಲಿನ ಒಳಗೇ ಬಂತು. ಅದು ಡ್ರೈವರನ್ನು ಕರೆಸುವ ಕೆಲಸ ಮಾತ್ರ ಮಾಡುತ್ತಿತ್ತು, ಕಳುಹಿಸುವ ಕೆಲಸ ಮಾಡುತ್ತಿರಲಿಲ್ಲ. ಕಳುಹಿಸಬೇಕಾದವರು 'ಆರ್‌ಎಂಮಾಡ್' ಆದೇಶವನ್ನು ಕೆಲವು ನಿಮಿಷಕ್ಕೊಮ್ಮೆ ತಾನಾಗಿ ನಡೆಯುವಂತೆ ಏರ್ಪಾಡು ಮಾಡಿಕೊಳ್ಳಬೇಕಿತ್ತು. ಆ ಆದೇಶ ಒಂದು ಸುತ್ತಿನಲ್ಲಿ ಬಳಸದ ಮಾಡ್ಯೂಲಿಗೆ ಗುರುತು ಹಾಕುತ್ತದೆ, ಮುಂದಿನ ಸುತ್ತಿಗೂ ಅದು ಬಳಕೆಯಾಗಿರದಿದ್ದರೆ ತೆಗೆಯುತ್ತದೆ.

ಸಹಿ ಪುಸ್ತಕ ಎಲ್ಲಿರಬೇಕು?

ಈಗ ಕಥೆಯ ಮುಖ್ಯ ಘಟ್ಟಕ್ಕೆ ಬಂದೆವು. ಮಾಡ್ಯೂಲು ಬಳಕೆಯಲ್ಲಿದೆಯೋ ಇಲ್ಲವೋ ಎಂದು ಕರ್ನೆಲ್ಲಿಗೆ ತಿಳಿಯುವುದು ಹೇಗೆ? ಅದಕ್ಕೊಂದು ಲೆಕ್ಕವಿದೆ. ಯಾರಾದರೂ ಬಳಸಲು ತೊಡಗಿದರೆ ಲೆಕ್ಕಕ್ಕೆ ಒಂದು ಸೇರುತ್ತದೆ, ಮುಗಿಸಿದರೆ ಒಂದು ಕಳೆಯುತ್ತದೆ. ಲೆಕ್ಕ ಸೊನ್ನೆಯಾದರೆ ತೆಗೆಯಬಹುದು. ಕೇಳಲು ಎಷ್ಟು ಸುಲಭ!

ಶಾಲೆಯ ವಾಚನಾಲಯವನ್ನು ಕಲ್ಪಿಸಿಕೊಳ್ಳಿ. ಒಳಗೆ ಹೋದವರು ಪುಸ್ತಕದಲ್ಲಿ ಸಹಿ ಹಾಕಬೇಕು, ಹೊರಬರುವಾಗ ಮತ್ತೆ ಸಹಿ ಹಾಕಬೇಕು. ಒಳಗೆ ಯಾರೂ ಇಲ್ಲ ಎಂದು ಪುಸ್ತಕ ಹೇಳಿದರೆ ಜವಾನ ಬೀಗ ಹಾಕಬಹುದು. ಆದರೆ ಸಹಿ ಪುಸ್ತಕ ಕೋಣೆಯ ಒಳಗಿನ ಮೇಜಿನ ಮೇಲಿದ್ದರೆ? ಹುಡುಗನೊಬ್ಬ ಹೊಸ್ತಿಲು ದಾಟಿದ್ದಾನೆ, ಇನ್ನೂ ಮೇಜಿನ ಬಳಿ ತಲುಪಿಲ್ಲ. ಅದೇ ಕ್ಷಣಕ್ಕೆ ಜವಾನ ಪುಸ್ತಕ ನೋಡಿ "ಯಾರೂ ಇಲ್ಲ" ಎಂದು ಬೀಗ ಹಾಕುತ್ತಾನೆ. ಹೊರಬರುವಾಗಲೂ ಹಾಗೆಯೇ. ಸಹಿ ಹಾಕಿ ಆಯಿತು, ಬಾಗಿಲಿಗೆ ಇನ್ನೂ ಎರಡು ಹೆಜ್ಜೆ ಬಾಕಿ, ಅಷ್ಟರಲ್ಲಿ ಬೀಗ ಬಿತ್ತು.

ಹಳೆಯ ಲಿನಕ್ಸಿನಲ್ಲಿ ಎಷ್ಟೋ ಡ್ರೈವರುಗಳಲ್ಲಿ ನಡೆದದ್ದು ಇದೇ. ಲೆಕ್ಕ ಹೆಚ್ಚಿಸುವ ಸಾಲು ಮಾಡ್ಯೂಲಿನ ಒಳಗೇ ಇತ್ತು. ಆ ಸಾಲಿಗೆ ತಲುಪಬೇಕಾದರೆ ಮಾಡ್ಯೂಲಿನ ಒಳಗೆ ಕಾಲಿಟ್ಟಿರಲೇಬೇಕು. ವಾಚನಾಲಯದ ಹುಡುಗ ಬೀಗ ಹಾಕಿದರೆ ಕೂಗಿಯಾದರೂ ಹೊರಬರುತ್ತಾನೆ. ಇಲ್ಲಿ ಹಾಗಲ್ಲ, ಮಾಡ್ಯೂಲನ್ನು ತೆಗೆದರೆ ಕೋಣೆಯೇ ಮಾಯ. ಪ್ರೊಸೆಸರು ಓದುತ್ತಿದ್ದ ಆದೇಶಗಳ ಜಾಗದಲ್ಲಿ ಏನೂ ಇರುವುದಿಲ್ಲ, ಅಥವಾ ಬೇರೇನೋ ಇರುತ್ತದೆ. ಕಂಪ್ಯೂಟರು ನಿಂತೇ ಹೋಗಬಹುದು.

ಒಂದೇ ಪ್ರೊಸೆಸರಿನ ಕಾಲದಲ್ಲಿ ಇಂಥ ಅಪಘಾತದ ಅವಕಾಶ ಕಡಿಮೆ. ಲಿನಕ್ಸ್ 2.0ರಿಂದ ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳು ಒಟ್ಟಿಗೆ ಕೆಲಸ ಮಾಡತೊಡಗಿದವು. ಒಂದು ಪ್ರೊಸೆಸರು ಹೊಸ್ತಿಲು ದಾಟುವಾಗ ಇನ್ನೊಂದು ಬೀಗ ಹಾಕುವುದು ನಿಜವಾಗಿಯೂ ಸಾಧ್ಯವಾಯಿತು. ಸಾವಿರದಲ್ಲಿ ಒಂದು ಸಲ ಆಗುವ ದೋಷ ಇದು. ದಿನವೂ ಆಗುವ ದೋಷವನ್ನು ಹಿಡಿಯಬಹುದು, ಸಾವಿರಕ್ಕೊಮ್ಮೆ ಆಗುವುದನ್ನು ಹಿಡಿಯುವುದು ಬಹಳ ಕಷ್ಟ.

2002ರಲ್ಲಿ ಆಸ್ಟ್ರೇಲಿಯದ ರಸ್ಟಿ ರಸೆಲ್ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಆ ವರ್ಷ ಕೆನಡಾದ ಒಟ್ಟಾವದಲ್ಲಿ ಸೇರಿದ ಕರ್ನೆಲ್ ತಜ್ಞರ ಸಭೆಯಲ್ಲಿ ಅವರು ಒಂದು ಪ್ರಶ್ನೆ ಇಟ್ಟರು: ಮಾಡ್ಯೂಲು ತೆಗೆಯುವ ಸೌಲಭ್ಯವನ್ನೇ ಕೈಬಿಟ್ಟರೆ ಹೇಗೆ? ಸೇರಿಸಬಹುದು, ತೆಗೆಯುವಂತಿಲ್ಲ. ಅಷ್ಟು ಹೊತ್ತಿಗೆ ಮೆಮೊರಿ ಅಗ್ಗವಾಗಿತ್ತು, ಉಳಿತಾಯಕ್ಕಿಂತ ಅಪಾಯವೇ ಹೆಚ್ಚು ಎನಿಸುವಂತಿತ್ತು. ಆದರೆ ಡ್ರೈವರು ಬರೆಯುವವರಿಗೆ ಈ ಸೌಲಭ್ಯ ಬೇಕೇ ಬೇಕು. ಪ್ರತಿ ತಿದ್ದುಪಡಿಗೂ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡುತ್ತಾ ಕೂತರೆ ದಿನವೇ ಮುಗಿದೀತು.

ಹಾಗಾಗಿ ಮಧ್ಯದ ದಾರಿ ಹಿಡಿದರು. 2002ರ ನವೆಂಬರಿನಲ್ಲಿ ರಸೆಲ್ ಅವರು ಹೊಸದಾಗಿ ಬರೆದ ಮಾಡ್ಯೂಲ್ ವ್ಯವಸ್ಥೆ ಕರ್ನೆಲ್ಲಿಗೆ ಸೇರಿತು, 2003ರ ಡಿಸೆಂಬರಿನ ಲಿನಕ್ಸ್ 2.6ರ ಮೂಲಕ ಎಲ್ಲರಿಗೂ ತಲುಪಿತು. ಸಹಿ ಪುಸ್ತಕ ಕೋಣೆಯ ಹೊರಗೆ ಬಂತು! ಮಾಡ್ಯೂಲನ್ನು ಕರೆಯುವವರು ಒಳಗೆ ಕಾಲಿಡುವ ಮೊದಲೇ ಲೆಕ್ಕ ಹೆಚ್ಚಿಸಬೇಕು. ಬೀಗ ಹಾಕುವ ಕೆಲಸ ಆಗಲೇ ಶುರುವಾಗಿದ್ದರೆ "ಈಗ ಪ್ರವೇಶವಿಲ್ಲ" ಎಂಬ ಉತ್ತರ ಸಿಗುತ್ತದೆ. ಆಗಿನ ವ್ಯವಸ್ಥೆಯಲ್ಲಿ ತೆಗೆಯುವ ಮೊದಲು ಎಲ್ಲ ಪ್ರೊಸೆಸರುಗಳನ್ನೂ ಒಂದು ಕ್ಷಣ ನಿಲ್ಲಿಸಿ ಲೆಕ್ಕ ನೋಡುತ್ತಿದ್ದರು. ಅಸೆಂಬ್ಲಿಯಲ್ಲಿ ಮಕ್ಕಳನ್ನು ಅಲುಗಾಡದಂತೆ ನಿಲ್ಲಿಸಿ ತಲೆ ಎಣಿಸುವ ಹಾಗೆ. ತೆಗೆಯುವ ಸೌಲಭ್ಯವೇ ಬೇಡ ಎನ್ನುವವರು ಕರ್ನೆಲ್ ತಯಾರಿಸುವಾಗಲೇ ಅದನ್ನು ಬಿಟ್ಟುಬಿಡಬಹುದು ಎಂಬ ಆಯ್ಕೆಯನ್ನೂ ಕೊಟ್ಟರು.

ಇದರ ಜೊತೆಗೆ, ಬಳಸದ್ದನ್ನೆಲ್ಲ ತಾನಾಗಿ ತೆಗೆಯುವ ಹಳೆಯ ಅಭ್ಯಾಸ ನಿಂತಿತು. ಕಾರಣವಿದೆ. ಲೆಕ್ಕ ಸೊನ್ನೆ ಎಂದರೆ ಬಳಕೆಯಲ್ಲಿಲ್ಲ ಎಂದು ಈಗ ಹೇಳುವಂತಿಲ್ಲ. ನೆಟ್‌ವರ್ಕ್ ಕಾರ್ಡಿನ ಡ್ರೈವರು ಕೆಲಸ ಮಾಡುತ್ತಿರುವಾಗಲೂ ಅದರ ಲೆಕ್ಕ ಸೊನ್ನೆ ಎಂದೇ ತೋರಿಸಬಹುದು. ಸೊನ್ನೆ ಕಂಡದ್ದನ್ನೆಲ್ಲ ತೆಗೆಯಲು ಹೊರಟರೆ ಲ್ಯಾಬಿನ ಇಂಟರ್‌ನೆಟ್ಟೇ ಹೋದೀತು.

ಮದುವೆಯ ಚಪ್ಪರ

ಹಾಗಾದರೆ ಕರ್ನೆಲ್ ತನ್ನ ಮೆಮೊರಿಯಲ್ಲಿ ಏನನ್ನೂ ಬಿಟ್ಟುಕೊಡುವುದಿಲ್ಲವೇ? ಬಿಟ್ಟುಕೊಡುತ್ತದೆ. ಲಿನಕ್ಸ್ ಚಾಲೂ ಆಗುವಾಗ ಓಡುವ ಸಾಲುಗಳಲ್ಲಿ, ಬಳಸದ ಕರ್ನೆಲ್ ಮೆಮೊರಿಯನ್ನು ಬಿಡುಗಡೆ ಮಾಡಿದ್ದೇನೆ, ಇಷ್ಟು ಕೆಬಿ ಎಂಬ ಅರ್ಥದ ಒಂದು ಸಾಲು ಇರುತ್ತದೆ. ಗಮನವಿಟ್ಟು ನೋಡಿದವರಿಗೆ ಕಂಡಿರುತ್ತದೆ. ಸಾಧನಗಳನ್ನು ಹುಡುಕುವುದು, ಸಿದ್ಧಗೊಳಿಸುವುದು ಮುಂತಾದ ಕೆಲಸಗಳ ಕೆಲವು ಆದೇಶಗಳು ಆರಂಭದಲ್ಲಿ ಒಮ್ಮೆ ಮಾತ್ರ ಬೇಕು. ಡ್ರೈವರು ಬರೆಯುವವರೇ ಅವಕ್ಕೆ ಗುರುತು ಹಾಕಿಟ್ಟಿರುತ್ತಾರೆ. ಆರಂಭದ ಕೆಲಸ ಮುಗಿದ ಕೂಡಲೇ ಆ ಜಾಗವನ್ನು ಕರ್ನೆಲ್ ಬಿಟ್ಟುಕೊಡುತ್ತದೆ.

ಮದುವೆ ಚಪ್ಪರವನ್ನು ಯಾವಾಗ ಬಿಚ್ಚಬೇಕೆಂದು ಯಾರೂ ಚರ್ಚಿಸುವುದಿಲ್ಲ, ಮದುವೆ ಮುಗಿಯಿತು ಎಂದು ಎಲ್ಲರಿಗೂ ಗೊತ್ತು. ಬಳಕೆ ಎಂದಿಗೆ ಮುಗಿಯುತ್ತದೆ ಎಂದು ಮೊದಲೇ ತಿಳಿದಿದ್ದರೆ ತೆಗೆಯುವುದು ಸುಲಭ. ತಿಳಿಯದಿದ್ದಾಗ ಊಹೆಯ ಮೇಲೆ ತೆಗೆಯುವುದೇ ಅಪಾಯ. ಈ ಇತಿಹಾಸದ ಸಾರವೆಲ್ಲ ಇಷ್ಟೇ ಎನ್ನಬಹುದು.

ಮೆಮೊರಿಯ ಚಿಂತೆ ಹೋಗಿ ಭದ್ರತೆಯ ಚಿಂತೆ

ಇಂದು ಅದೇ 300 ಕೆಬಿಯನ್ನು 4 ಜಿಬಿ ರ್‍ಯಾಮಿನ ಯಂತ್ರದಲ್ಲಿ ಲೆಕ್ಕ ಹಾಕಿದರೆ ಶೇಕಡ ಒಂದರ ನೂರನೆಯ ಒಂದು ಪಾಲೂ ಆಗುವುದಿಲ್ಲ. ಈಗಿನ ಕೆಲವು ಗ್ರಾಫಿಕ್ಸ್ ಡ್ರೈವರುಗಳು ಎಂಬಿಗಳಷ್ಟು ದೊಡ್ಡವು ನಿಜ, ಆದರೆ ಪರದೆ ಕಾಣಬೇಕಾದರೆ ಅವು ಬೇಕು.

ಬಳಸದ ಡ್ರೈವರಿನ ಚಿಂತೆ ಮಾತ್ರ ಇನ್ನೊಂದು ರೂಪದಲ್ಲಿ ತಿರುಗಿ ಬಂದಿದೆ. 2017ರ ಫೆಬ್ರವರಿಯಲ್ಲಿ ಡಿಸಿಸಿಪಿ ಎಂಬ, ಬಹಳ ಅಪರೂಪಕ್ಕೆ ಬಳಕೆಯಾಗುವ ನೆಟ್‌ವರ್ಕ್ ಮಾಡ್ಯೂಲಿನಲ್ಲಿ ಒಂದು ದೋಷ ಬಯಲಾಯಿತು. ಅದು ಹತ್ತು ವರ್ಷಕ್ಕೂ ಹಿಂದಿನಿಂದ ಅಲ್ಲೇ ಇತ್ತು. ಸಾಮಾನ್ಯ ಬಳಕೆದಾರನೊಬ್ಬ ಆ ಸೌಲಭ್ಯ ಕೇಳಿದರೆ ಸಾಕು, ಹಲವು ಕಡೆ ಕರ್ನೆಲ್ ತಾನಾಗಿ ಆ ಮಾಡ್ಯೂಲನ್ನು ಕರೆಸುತ್ತಿತ್ತು. ಅದರ ದೋಷವನ್ನು ಹಿಡಿದು ಅವನು ಇಡೀ ಯಂತ್ರದ ಯಜಮಾನನಾಗಬಹುದಿತ್ತು. ದೋಷ ಯಾವ ಜಾತಿಯದು ಗೊತ್ತೇ? ಇನ್ನೂ ಬಳಕೆಯಲ್ಲಿದ್ದ ಮೆಮೊರಿಯನ್ನು ಮುಗಿಯಿತೆಂದು ತಿಳಿದು ಬಿಟ್ಟುಕೊಟ್ಟದ್ದು! ವಾಚನಾಲಯದ ಜವಾನನ ಕಥೆಯೇ ಮತ್ತೊಮ್ಮೆ.

ಆದ್ದರಿಂದ ಈಗ ತಜ್ಞರು ಹೇಳುವುದು ಹೀಗೆ: ಬಂದವರನ್ನು ಕಳುಹಿಸಲು ಒದ್ದಾಡುವ ಬದಲು, ಬೇಡದವರನ್ನು ಕರೆಸಲೇಬೇಡಿ. ಬೇಡದ ಮಾಡ್ಯೂಲುಗಳ ಹೆಸರನ್ನು ತಡೆಪಟ್ಟಿಯಲ್ಲಿ ಬರೆದಿಟ್ಟರೆ ಅವು ತಾವಾಗಿ ಬರುವುದನ್ನು ತಡೆಯಬಹುದು.

ಲಿನಕ್ಸಿನ ಮೂಲದಲ್ಲೂ ಹಳೆಯದನ್ನು ತೆಗೆಯುವ ಕೆಲಸ ನಡೆಯುತ್ತಿರುತ್ತದೆ. 2013ರ ಲಿನಕ್ಸ್ 3.8ರಲ್ಲಿ 386 ಪ್ರೊಸೆಸರಿನ ಬೆಂಬಲವನ್ನೇ ಕೈಬಿಟ್ಟರು. ಲೀನಸ್ 1991ರಲ್ಲಿ ಲಿನಕ್ಸ್ ಬರೆಯತೊಡಗಿದ್ದು 386ರ ಮೇಲೆಯೇ! ಅಲ್ಲೂ ಕೇಳುವ ಪ್ರಶ್ನೆ ಅದೇ: ಇದನ್ನು ಯಾರಾದರೂ ಇನ್ನೂ ಬಳಸುತ್ತಿದ್ದಾರೆಯೇ?

ನಮ್ಮ ಲ್ಯಾಬಿಗೆ ಏನು ಪಾಠ?

ಮೊದಲ ಪ್ರಶ್ನೆಗೆ ಬರೋಣ. ಹಳೆಯ ಯಂತ್ರದಲ್ಲಿ ಆರ್‌ಎಂಮಾಡ್ ಕೊಟ್ಟು ಡ್ರೈವರು ತೆಗೆದರೆ ಉಳಿಯುವುದು ಕೆಲವು ಕೆಬಿ. ಬ್ರೌಸರಿನ ಒಂದು ಪುಟ ಮುಚ್ಚಿದರೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಸಿಗುತ್ತದೆ. ಹಗುರವಾದ ಡೆಸ್ಕ್‌ಟಾಪ್ ಆರಿಸಿದರೆ ಇನ್ನೂ ಹೆಚ್ಚು. ಹಾಗಾಗಿ ಮೆಮೊರಿಗೋಸ್ಕರ ಡ್ರೈವರು ತೆಗೆಯಲು ಹೋಗುವುದು ಬೇಡ. ಅದರಲ್ಲೂ ಬಲವಂತವಾಗಿ ತೆಗೆಯುವ ಆಯ್ಕೆಯನ್ನು ಮಕ್ಕಳ ಪರೀಕ್ಷೆ ನಡೆಯುವ ಯಂತ್ರದ ಮೇಲೆ ಪ್ರಯೋಗಿಸಲೇಬೇಡಿ. ಉತ್ತರ ಬರೆಯುತ್ತಿರುವ ಮಗುವಿನ ಎದುರು ಕಂಪ್ಯೂಟರು ನಿಂತರೆ, ನಾವು ಉಳಿಸಿದ ಕೆಬಿ ಆ ಮಗುವಿಗೆ ಯಾವ ಉಪಕಾರಕ್ಕೂ ಬರುವುದಿಲ್ಲ.

ಆದರೆ ನೋಡುವುದಕ್ಕೆ ಅಡ್ಡಿಯಿಲ್ಲ. ಟರ್ಮಿನಲ್ ತೆರೆದು 'ಎಲ್‌ಎಸ್‌ಮಾಡ್' ಎಂದು ಕೊಟ್ಟರೆ ಮೂರು ಕಂಬಸಾಲುಗಳ ಪಟ್ಟಿ ಬರುತ್ತದೆ: ಮಾಡ್ಯೂಲಿನ ಹೆಸರು, ಅದು ಹಿಡಿದ ಜಾಗ ಬೈಟುಗಳಲ್ಲಿ, ಎಷ್ಟು ಮಂದಿ ಬಳಸುತ್ತಿದ್ದಾರೆ ಎಂಬ ಲೆಕ್ಕ. ಮೆಮೊರಿಯ ಪಾಠ ಮಾಡುವಾಗ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಇದನ್ನು ತೋರಿಸಿ. ಎರಡನೆಯ ಕಂಬಸಾಲನ್ನು ಕೂಡಿಸಿ ಎಂಬಿಗೆ ತರಲು ಹೇಳಿ, ಗಣಿತದ ಅಭ್ಯಾಸವೂ ಆಗುತ್ತದೆ. ಪೆನ್‌ಡ್ರೈವ್ ಚುಚ್ಚುವ ಮೊದಲೊಮ್ಮೆ, ಚುಚ್ಚಿದ ಮೇಲೊಮ್ಮೆ ಪಟ್ಟಿ ನೋಡಲು ಹೇಳಿ. ಹೊಸ ದುಭಾಷಿ ಬಂದರೆ ಅವರ ಕಣ್ಣಿಗೇ ಬೀಳುತ್ತದೆ. ಪೆನ್‌ಡ್ರೈವ್ ತೆಗೆದ ಮೇಲೆ ಮತ್ತೆ ನೋಡಿದರೆ ಆ ದುಭಾಷಿ ಇನ್ನೂ ಅಲ್ಲೇ ಕೂತಿರುತ್ತದೆ. ಯಾಕೆ ಹೋಗಲಿಲ್ಲ ಎಂದು ಯಾವುದಾದರೂ ಮಗು ಕೇಳಿದರೆ, ವಾಚನಾಲಯದ ಸಹಿ ಪುಸ್ತಕದ ಕಥೆಯನ್ನು ಹೇಳಿ.